ಸಾಲಿಮರ ಪಾಳಿಯ ನೀರು

ಒಮಾನ್ ದೇಶಕ್ಕೆ ಹೋಗಿ ಬಂದ ಮೇಲೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ, ತೊಗರಿ ವ್ಯಾಪಾರದ ಅಡತಿ ಅಂಗಡಿಯ ಮುಂದೆ, ಮಠದ ಕಟ್ಟೆಯ ಮೇಲೆ ಸಿಕ್ಕವರೆಲ್ಲ ನಿಲ್ಲಿಸಿ ಕೇಳುತ್ತಿದ್ದಾರೆ. ಸಮುದ್ರ ಹೇಗಿದೆ? ದೊಡ್ಡ ಮಸೀದಿ ನೋಡಿದಿರಾ? ಅಲ್ಲಿ ಬಂಗಾರ ಬಹಳ ಚೊಕ್ಕವಂತೆ, ಹೌದೇ? ಈ ಮೂರನ್ನೂ ನಾನು ಸರಿಯಾಗಿ ನೋಡಲಿಲ್ಲ. ನಾನು ನೋಡಿದ್ದು ಎರಡು ಗೇಣು ಅಗಲದ ಒಂದು ಕಾಲುವೆ. ಅದರ ವಿಷಯವನ್ನೇ ಬರೆಯುತ್ತೇನೆ.

ಮಸ್ಕತ್

ಹೋದವರು ಮೂವರು ಹೆಂಗಸರು. ನಾನು ಶಾಂತಾಬಾಯಿ, ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಊರುಗಳ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ನನ್ನ ತಂಗಿ ನಾಗಮ್ಮ. ಅತನೂರಿನಲ್ಲಿ ಇಂದಿಗೂ ಹೊಲ ಮಾಡಿಸುತ್ತಾಳೆ. ಮೂರನೆಯವಳು ಖಮರ್, ಜೇವರ್ಗಿಯ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದವಳು, ಆಗ ನನ್ನ ಗೋಡೆಯ ಆಚೆಯ ಮನೆಯವಳು. ಖಮರಳ ಮಗಳು ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್. "ಅಮ್ಮಿ, ನೀ ಒಬ್ಬಾಕಿ ಬರಬ್ಯಾಡ, ವಾರ್ಡನ್ ಬಾಯಿನ್ನೂ ಕರ್ಕೊಂಡು ಬಾ" ಎಂದು ಅವಳೇ ಎಲ್ಲ ಏರ್ಪಾಡು ಮಾಡಿದ್ದಳು.

ನನಗೆ ದಿನದ ಕ್ರಮ ಎಂದರೆ ಕ್ರಮ. ಸೂರ್ಯ ಹುಟ್ಟುವ ಮೊದಲು ಏಳಬೇಕು, ಹಾಸಿಗೆ ಮಡಿಸಬೇಕು, ಸ್ನಾನ ಮಾಡಿ ವಿಭೂತಿ ಧರಿಸಬೇಕು, ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಆಮೇಲೆ ಮೊದಲ ಗುಟುಕು ನೀರು. ಆ ನೀರಿನ ಜೊತೆಗೆ ಬಿ.ಪಿ. ಗುಳಿಗೆ. ಹಾಸ್ಟೆಲಿನ ಮಕ್ಕಳಿಗೆಲ್ಲ ಒಟ್ಟಿಗೆ ಜ್ವರ ಬಂದಾಗಲೂ ಈ ಸಾಲು ತಪ್ಪಿದ್ದಿಲ್ಲ. ವಿಮಾನದಲ್ಲಿ ನಾನು ಅಭ್ಯಾಸದಂತೆ ಎದ್ದು ಹೊದಿಕೆ ಮಡಿಸುತ್ತಿದ್ದಾಗ ನಾಗಮ್ಮ ಒಂದು ಕಣ್ಣು ತೆರೆದು, "ಇಲ್ಲಿ ಗಂಟಿ ಹೊಡಿಯವರು ಯಾರೂ ಇಲ್ಲಬೇ ಯಕ್ಕಾ, ಸುಮ್ನ ಮಕ್ಕೋ" ಎಂದಳು. ನಾಗಮ್ಮನಿಗೂ ಲಿಂಗವಿದೆ. ಅವಳ ಪೂಜೆ ಎಮ್ಮೆ ಕಟ್ಟುವಷ್ಟರಲ್ಲಿ ಮುಗಿದಿರುತ್ತದೆ.

ಮಸ್ಕತ್ತಿನ ಅಂಗಡಿ ಮಳಿಗೆಯೊಂದರಲ್ಲಿ ನಳದ ಕೆಳಗೆ ಕೈ ಒಡ್ಡಿದರೆ ತಾನಾಗಿ ನೀರು ಬರುತ್ತಿತ್ತು. ನಾಗಮ್ಮ ಹೌಹಾರಿ ಹಿಂದೆ ಸರಿದಳು. "ನಮ್ಮೂರಾಗ ಕೈ ಮುಗದ್ರೂ ನೀರು ಬರಂಗಿಲ್ಲ, ಇಲ್ಲಿ ಕೈ ತೋರ್ಸಿದ್ರ ಬರ್ತದಲ್ಲೇ!" ಅಲ್ಲಿಂದ ಮುಂದೆ ಎಲ್ಲಿ ನಳ ಕಂಡರೂ ಕೈ ತೋರಿಸಿ ಪರೀಕ್ಷಿಸುತ್ತಿದ್ದಳು.

ಇನ್ನೊಂದು ಪೇಚು ಕಾಫಿಯದು. ಅಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಡುತ್ತಾರೆ. ಖಾಲಿಯಾದ ಬಟ್ಟಲನ್ನು ಅತ್ತಿತ್ತ ಅಲುಗಿಸಿ ಹಿಂದಕ್ಕೆ ಕೊಟ್ಟರೆ 'ಸಾಕು' ಎಂದರ್ಥ. ಸುಮ್ಮನೆ ಹಿಡಿದರೆ ಮತ್ತೆ ಸುರಿಯುತ್ತಾರೆ. ಖಮರಳ ಬೀಗರ ಪರಿಚಯದವರ ಮನೆಯಲ್ಲಿ ನಾಗಮ್ಮ ಮರ್ಯಾದೆಗೆ ಕಟ್ಟುಬಿದ್ದು ಕುಡಿದಳು, ಕುಡಿದಳು, ಕುಡಿಯುತ್ತಲೇ ಇದ್ದಳು. ಕೊನೆಗೆ ಖಮರ್ ಅವಳ ಮಣಿಕಟ್ಟು ಹಿಡಿದು ತಾನೇ ಅಲುಗಿಸಿದಳು. ಈ ಬಟ್ಟಲಿನ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು.

ಬೆಟ್ಟದ ಹಳ್ಳಿ

ಖಮರಳ ಅಳಿಯ ನಮ್ಮನ್ನು ನಿಜ್ವಾ ಊರಿನ ಆಚೆ ಬೆಟ್ಟದ ಹಳ್ಳಿಯೊಂದರಲ್ಲಿ ಇಳಿಸಿ, ಕೆಲಸ ಮುಗಿಸಿ ಮಂಗಳವಾರ ಬರುತ್ತೇನೆಂದು ಹೊರಟುಹೋದ. ನಾವು ಉಳಿದದ್ದು ಸಾಲಿಮ್ ಮತ್ತು ಮೋಜಾ ಎಂಬ ವೃದ್ಧ ದಂಪತಿಗಳ ಮಣ್ಣಿನ ಮನೆಯಲ್ಲಿ. ಅತಿಥಿಗಳಿಗೆಂದು ಎರಡು ಕೋಣೆ ಬಿಟ್ಟುಕೊಟ್ಟಿದ್ದರು. ಸಾಲಿಮರು ಹರೆಯದಲ್ಲಿ ಮುಂಬೈಯ ಖರ್ಜೂರದ ಪೇಟೆಯಲ್ಲಿ ದುಡಿದವರು. ಅವರ ಮುಂಬೈ ಹಿಂದಿ ಕೇಳಿ ನಾವು ನಕ್ಕೆವು, ನಮ್ಮ ಆಳಂದದ ಉರ್ದು ಕೇಳಿ ಅವರು ನಕ್ಕರು. ವ್ಯವಹಾರ ಸಲೀಸಾಗಿ ನಡೆಯಿತು. ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸುತ್ತಿತ್ತು.

ಆ ಊರಿನ ಜೀವ ಫಲಜ್ ಎಂಬ ಕಾಲುವೆ. ಬೆಟ್ಟದ ಹೊಟ್ಟೆಯಿಂದ ಹೊರಟ ನೀರು ಮೊದಲು ಊರಿನ ತಲೆಯ ಮೇಲಿನ ಬಾಯಿಯಲ್ಲಿ ಕುಡಿಯಲು ಸಿಗುತ್ತದೆ. ಅದರ ಕೆಳಗೆ ಸ್ನಾನದ ಜಾಗ, ಆಮೇಲೆ ಮಸೀದಿ, ಎಲ್ಲಕ್ಕಿಂತ ಕೆಳಗೆ ಮೆಟ್ಟಿಲು ಮೆಟ್ಟಿಲಾದ ತೋಟಗಳು. ತೋಟಕ್ಕೆ ನೀರು ಪಾಳಿಯ ಮೇಲೆ. ಈ ಪಾಳಿ ನೋಡಿಕೊಳ್ಳಲು ಊರವರೇ ಒಬ್ಬನನ್ನು ನೇಮಿಸುತ್ತಾರೆ. ಅವನನ್ನು ಅಲ್ಲಿ ವಕೀಲ ಎನ್ನುತ್ತಾರೆ. ನಮ್ಮಲ್ಲಿ ನೀರಿಗಾಗಿ ಹೊಡೆದಾಟವಾದ ಮೇಲೆ ವಕೀಲರು ಬರುತ್ತಾರೆ. ಇಲ್ಲಿ ಮೊದಲೇ ಇಟ್ಟುಕೊಂಡಿದ್ದಾರೆ.

"ನಮ್ಮ ಕಡಿ ಕೆನಾಲಿನ ತೂಬು ಕತ್ತಲಾಗ ಎತ್ತತಾರ್ರಿ" ಎಂದು ನಾಗಮ್ಮ ಸಾಲಿಮರಿಗೆ ಹೇಳಿದಳು. "ಎತ್ತವರು ಒಂದ್ ಕೈಯಾಗ ಬಡಿಗಿ ಹಿಡ್ಕೊಂಡೇ ಎತ್ತತಾರ."

"ಇಲ್ಲೇನು ಫರಿಸ್ತಾಗಳು, ದೇವದೂತರು ಅದಾರ ಅಂದ್ಕೊಂಡಿಯೇನಮ್ಮ?" ಸಾಲಿಮರು ನಕ್ಕರು. "ನಮ್ಮಜ್ಜ ಇದೇ ನೀರಿನ ಸಲುವಾಗಿ ತನ್ನ ತಮ್ಮನ ಹಲ್ಲು ಮುರಿದಿದ್ದ."

ನಾಗಮ್ಮನಿಗೆ ಆಗ ಅವರ ಮೇಲೆ ವಿಶ್ವಾಸ ಹುಟ್ಟಿತು.

ತೀರ ಕೆಳಗಿನ ಮೆಟ್ಟಿಲಲ್ಲಿ ಅವರು ಆಗಷ್ಟೇ ನಿಂಬೆಯ ಸಸಿ ನೆಟ್ಟಿದ್ದರು. ಕಲ್ಲು ತುಂಬಿದ ಹೊಸ ಮಣ್ಣು. ಎಲೆಗಳು ಸ್ವಲ್ಪ ಮುದುರಿದ್ದವು. ಎಲೆಯೊಂದನ್ನು ಬೆರಳಲ್ಲಿ ಎತ್ತಿ, "ನಾಳೆ ಸೋಮವಾರ ನನ್ನ ಪಾಳಿ. ಹೊಟ್ಟಿ ತುಂಬ ಕುಡಿತಾವ" ಎಂದರು. "ಖರ್ಜೂರದ ಗಿಡ ಇನ್ನೊಂದು ಪಾಳಿತನ ತಡಿತಾವ್ರಿ. ಇವು ಇನ್ನಾ ಕೂಸುಗಳು. ಒಂದು ಪಾಳಿ ತಪ್ಪಿದ್ರ ಇವು ಇಲ್ಲ."

ಸೋಮವಾರ ಬೆಳಗ್ಗೆ

ಈಗ ನಾನು ಮಾಡಿದ್ದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ಕೆಲಸ. ಕೋಣೆಯಲ್ಲಿ ಮಣೆಯಿತ್ತು, ತಂಬಿಗೆಯಿತ್ತು. ಅಲ್ಲೇ ಕುಳಿತು ಪೂಜೆ ಮಾಡಬಹುದಿತ್ತು. ಆದರೆ ಟ್ಯಾಂಕರಿನ ಮುಂದೆ ಕೊಡ ಇಟ್ಟು ನಿಂತು ಬದುಕಿದವರಿಗೆ ಹರಿಯುವ ತಿಳಿನೀರು ಕಂಡರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ನಾನು ಫಲಜಿನ ದಂಡೆಯ ಚಪ್ಪಡಿಯ ಮೇಲೆ ಕುಳಿತೆ. ಲಿಂಗವನ್ನು ವಸ್ತ್ರದಿಂದ ಬಿಚ್ಚಿ ಅಂಗೈಯಲ್ಲಿಟ್ಟೆ. ಬಲಗೈಯಿಂದ ನೀರೆರೆದೆ. ಲಿಂಗದ ಮೇಲಿನ ಕಂತಿಯ ಲೇಪದ ನುಣುಪು, ಕಾಲುವೆಯ ತಂಪು, ವಯಸ್ಸಾದ ಕೈ. ಲಿಂಗ ಜಾರಿತು. ಸದ್ದೂ ಆಗಲಿಲ್ಲ.

ಭುಜದವರೆಗೆ ಕೈ ಹಾಕಿ ತಡಕಿದೆ. ನೀರು ಕಿರಿದಾದರೂ ಓಟ ಜೋರು. ಕಲ್ಲು ಸಿಕ್ಕವು, ಎಲೆ ಸಿಕ್ಕವು. ನನ್ನದು ಸಿಗಲಿಲ್ಲ.

ಹಿಂದಿನವರಲ್ಲಿ ಲಿಂಗ ಕಳೆದಾಗ ಪ್ರಾಣ ಬಿಟ್ಟವರ ಕಥೆಗಳಿವೆ. ನಾನು ಅಷ್ಟು ದೂರ ಹೋಗುವವಳಲ್ಲ. ಆದರೆ ಅದು ಸಿಕ್ಕಿ, ಪೂಜೆ ಮುಗಿಯುವ ತನಕ ನೀರು ಮುಟ್ಟುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ನಾಗಮ್ಮ ಓಡಿಬಂದವಳು ಹಣೆ ಬಡಿದುಕೊಂಡಳು. "ಗುಳಿಗಿ ತಗೊಳ್ಳದಿದ್ರ ಬಿ.ಪಿ. ಏರತದಬೇ! ಪರದೇಶದಾಗ ಬಿದ್ಯಂದ್ರ ನಿನ್ನ ಹೊರವರು ಯಾರು? ನನ್ನ ಲಿಂಗ ಕೊಡ್ತೀನಿ, ಮಾಡಿ ಮುಗಸು."

"ಒಬ್ಬರ ಲಿಂಗ ಇನ್ನೊಬ್ಬರಿಗೆ ಆಗಂಗಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಮಾತಾಡಬ್ಯಾಡ."

ಖಮರಳ ಚಿಂತೆ ಬೇರೆ. ಸಾಲಿಮರು ಮನೆಯಿಂದ ಇಳಿದು ಬರುತ್ತಿದ್ದುದನ್ನು ನೋಡಿ ನನ್ನ ಕಿವಿಯಲ್ಲಿ ಉಸುರಿದಳು. "ಬಾಯಿ, ಬೆಳ್ಳಿ ಡಬ್ಬಿ ಬಿತ್ತು ಅಂತ ಹೇಳು. ದೇವ್ರು ಅಂತ ಹೇಳಬ್ಯಾಡ. ಹಳಿ ಕಾಲದ ಮಂದಿ. ಕಲ್ಲಿಗೆ ದೇವ್ರು ಅಂದ್ರ ಅವರಿಗೆ ಹೆಂಗ ಅನಸ್ತದೋ. ನಮ್ಮ ಅಳಿಯ ಈ ದೇಶದಾಗ ನೌಕರಿ ಮಾಡಾಕತ್ತಾನ."

ಅವಳ ಅಂಜಿಕೆ ಸುಳ್ಳಲ್ಲ. ಆದರೆ ಹುಡುಕಿಕೊಡಿ ಎಂದು ಕೇಳುವಾಗ ಏನನ್ನು ಹುಡುಕುತ್ತಿದ್ದೇವೆ ಎಂಬುದನ್ನು ಮುಚ್ಚಿಟ್ಟರೆ ಅದು ಮೋಸ. ಮನೆಯವರನ್ನು ಮೋಸ ಮಾಡಿ ಅವರ ನೀರಿನಲ್ಲಿ ಕೈಯಾಡಿಸಲಾರೆ.

"ಏನ್ ಬಿತ್ತಮ್ಮ?" ಸಾಲಿಮರು ಕೇಳಿದರು.

"ನನ್ನ ದೇವರು" ಎಂದೆ. "ಕಪ್ಪಗೆ, ದುಂಡಗೆ, ನೇರಳೆ ಹಣ್ಣಿಗಿಂತ ತುಸು ದೊಡ್ಡದು. ಎಳೆತನದಿಂದ ನನ್ನ ಮೈಮೇಲೆ ಇತ್ತು. ಅಂಗೈಯಾಗ ಇಟ್ಟು ಪೂಜಿ ಮಾಡ್ತೀವಿ. ಅದು ಸಿಗೋತನ ನಾ ನೀರು ಕುಡಿಯಂಗಿಲ್ಲ."

ಖಮರ್ ಕಣ್ಣು ಮುಚ್ಚಿಕೊಂಡಳು. ಸಾಲಿಮರು ಗಡ್ಡ ನೀವಿಕೊಂಡು ನೀರನ್ನೇ ನೋಡಿದರು.

"ಡಬ್ಬಿಯಾಗ ಇತ್ತೋ, ಬರೇದೇ ಇತ್ತೋ?"

"ಬರೇದೇ."

"ಹಂಗಾದ್ರ ತೇಲಂಗಿಲ್ಲ. ತಳ ಹಿಡದು ಉರುಳತದ. ಊರ ಮಂದಿ ಕುಡಿಯೋ ನೀರಿಗೆ ಹೋಗಿಲ್ಲ, ನಮ್ಮ ತೋಟದ ದಾರಿಗೇ ಹೋಗ್ಯದ." ಅಷ್ಟು ಹೇಳಿ ನಿಲುವಂಗಿಯ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ವಕೀಲನ್ನ ಕರೀತೀನಿ. ನೀರು ತಿರುಗಿಸಬೇಕು."

ಕೆಳಗಿನ ತೋಟ

ವಕೀಲನ ಹೆಸರು ಹಮದ್. ಮಧ್ಯವಯಸ್ಸಿನ, ಗಂಟುಮೋರೆಯ ಮನುಷ್ಯ. ನಿಯಮವನ್ನು ಖಡಾಖಂಡಿತವಾಗಿ ಹೇಳಿದ. ಸಾಲಿಮರು ಅದನ್ನು ನಮಗೆ ತಿಳಿಸಿದರು. ಫಲಜನ್ನು ಯಾರಿಗೂ ನಿಲ್ಲಿಸಲು ಬರುವುದಿಲ್ಲ. ತಿರುಗಿಸಬಹುದು, ಅಷ್ಟೇ. ತಿರುಗಿಸಿದರೆ ನೀರು ಮುಂದಿನ ಪಾಳಿಯವನ ತೋಟಕ್ಕೆ ಹೋಗುತ್ತದೆ. ಹೋದ ನೀರು ಹಿಂದೆ ಬರುವುದಿಲ್ಲ. ಸಾಲಿಮರು ಮುಂದಿನ ಸುತ್ತಿನವರೆಗೆ, ವಾರದ ಮೇಲೆ, ಕಾಯಬೇಕು.

ನಾನು ನಿಯಮದ ಹೆಂಗಸು. ಹಮದ್ ಹೇಳಿದ್ದು ನನಗೆ ಸರಿ ಎನಿಸಿತು. "ಬ್ಯಾಡ್ರಿ, ನಿಮ್ಮ ಸಸಿಗಳು..." ಎನ್ನುವಷ್ಟರಲ್ಲಿ ಸಾಲಿಮರು ಮೇಲಿನ ಕವಲಿನ ಕಲ್ಲು ಸರಿಸಿಯಾಗಿತ್ತು. ಪಕ್ಕದ ಕವಲಿನಲ್ಲಿ ನೀರು ಧುಮುಕಿತು. ನಮ್ಮ ಕಾಲುವೆಯ ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು.

ತಳ ಕಂಡ ಕಾಲುವೆಯಲ್ಲಿ ನಾವು ಬಗ್ಗಿ ಬಗ್ಗಿ ಹುಡುಕಿದೆವು. ಮೋಜಾ ನಿಲುವಂಗಿ ಎತ್ತಿ ಕಟ್ಟಿ ಇಳಿದರು. ನೀರು ಮೊದಲೇ ಸಿಕ್ಕಿದ ನೆರೆಯ ತೋಟದವನೂ ಬಂದ. ಗಂಟುಮೋರೆಯ ಹಮದ್ ಕೂಡ ಹೋಗದೆ ಉಳಿದು, ಕೆಸರಿನ ಮುದ್ದೆಗಳನ್ನು ಬೆರಳಲ್ಲಿ ಬಿಡಿಸಿ ನೋಡತೊಡಗಿದ. ಕಪ್ಪು ಕಲ್ಲು ಸಿಕ್ಕಾಗಲೆಲ್ಲ ನನ್ನ ಕಡೆ ಎತ್ತಿ ತೋರಿಸುತ್ತಿದ್ದರು. ಅಲ್ಲ ಎಂದು ತಲೆಯಾಡಿಸುತ್ತಿದ್ದೆ. ಮತ್ತೆ ಬಗ್ಗುತ್ತಿದ್ದರು.

ಬಿಸಿಲೇರಿತು. ಮೇ ತಿಂಗಳ ಜೇವರ್ಗಿ ಕಂಡವಳಿಗೆ ಅದು ದೊಡ್ಡ ಬಿಸಿಲಲ್ಲ, ಆದರೂ ನಾಲಿಗೆ ಒಣಗಿ ಮರದ ಚಕ್ಕೆಯಾಗಿತ್ತು. ಮೋಜಾ ಎಲ್ಲರಿಗೂ ಕಾಫಿ, ಖರ್ಜೂರ ತಂದರು. ನಾನು ಬೇಡವೆಂದೆ. ಸಾಲಿಮರೂ ಬೇಡವೆಂದರು. ನಾನು ಕುಡಿಯದಿರುವಾಗ ತಾವು ಕುಡಿಯುವುದು ಸೌಜನ್ಯವಲ್ಲ ಎಂದು ಬಿಟ್ಟರೆಂದು ತಿಳಿದೆ. "ನೀವು ಕುಡೀರಿ ಭಾಯಿ" ಎಂದರೆ ಕೈಯಾಡಿಸಿ ಮುಂದಕ್ಕೆ ಹೋದರು.

ಮಧ್ಯಾಹ್ನದ ನಮಾಜಿಗೆ ಖಮರ್ ಮತ್ತು ಮೋಜಾ ಮನೆಗೆ ಹೋಗಿ ಬಂದರು. ಖಮರಳ ಕಣ್ಣು ಕೆಂಪಾಗಿದ್ದುದನ್ನು ನೋಡಿ ನಾಗಮ್ಮ ಕೆಣಕಿದಳು. "ಇಷ್ಟೊತ್ತು ಏನ್ ಬೇಡ್ಕೊಂಡಿಬೇ, ಖಮರಾ?"

"ನಿಮ್ಮ ದೇವ್ರು ಸಿಗ್ಲಿ ಅಂತ ನಮ್ಮ ದೇವ್ರಿಗೆ ಕೇಳ್ದೆ" ಎಂದು ಖಮರ್ ಸಿಡುಕಿದಳು. "ಮತ್ತ್ಯಾರಿಗಿ ಕೇಳ್ಲಿ?"

ಸಿಕ್ಕಿದ್ದು ಮೋಜಾರಿಗೆ. ತೋಟದ ಪ್ರತಿ ಮಡಿಯ ಬಾಯಿಗೂ ಅಲ್ಲಿಯವರು ಕಲ್ಲಿಗೆ ಹಳೆಯ ಬಟ್ಟೆ ಸುತ್ತಿ ಬಿರಡೆ ಮಾಡಿ ಇಡುತ್ತಾರೆ. ಕೆಳಗಿನ ಮೆಟ್ಟಿಲಿನ ಬಿರಡೆ ಸಾಲಿಮರ ಹಳೆಯ ರುಮಾಲಿನದು. ಅದರ ಮಡಿಕೆಯಲ್ಲಿ ಅದು ಕುಳಿತಿತ್ತು. ಮೋಜಾ ಕೂಗಿದರು. ನಾವೆಲ್ಲ ಓಡಿದೆವು. ಅವರು ಮುಟ್ಟಿರಲಿಲ್ಲ. ಒಂದು ನಿಂಬೆಯ ಎಲೆಯನ್ನು ಅದರ ಮೇಲೆ ನೆರಳಾಗಿಟ್ಟು, ಯಾರ ಕಾಲೂ ತಾಗದಂತೆ ಎರಡೂ ಕೈ ಚಾಚಿ ನಿಂತಿದ್ದರು. ಅರಬ್ಬಿಯಲ್ಲಿ ಏನೋ ಹೇಳಿದರು.

"ನಾವು ಮುಟ್ಟಿದ್ರ ನಿನಗ ನಡೀತದೋ ಇಲ್ಲೋ ಗೊತ್ತಿಲ್ಲ. ನೀನೇ ತಗೋ ಅನ್ನಾಕತ್ಯಾಳ" ಎಂದರು ಸಾಲಿಮರು.

ನಡೆಯುವುದಿಲ್ಲ. ನನ್ನ ಲಿಂಗವನ್ನು ನನ್ನ ಸ್ವಂತ ತಂಗಿಯೂ ಮುಟ್ಟಿದ್ದಿಲ್ಲ. ನಿಯಮ ನನಗೆ ಚೆನ್ನಾಗಿ ಗೊತ್ತು. ನಾನು ಕೆಸರಿನಲ್ಲಿ ಮೊಣಕಾಲೂರಿ ಕುಳಿತು ಎಡ ಅಂಗೈಯನ್ನು ಮೋಜಾರ ಮುಂದೆ ಚಾಚಿದೆ.

"ನೀವೇ ಇಡ್ರಿ" ಎಂದೆ.

ಎಳೆತನದಲ್ಲಿ ಮಠದ ಅಯ್ಯನವರು ಈ ಅಂಗೈಯಲ್ಲಿ ಲಿಂಗವನ್ನು ಇಟ್ಟಿದ್ದರು. ಎರಡನೆಯ ಸಲ ಇಟ್ಟವರು ಮೋಜಾ. 'ಬಿಸ್ಮಿಲ್ಲಾ' ಎಂದು ಹೇಳಿ ಇಟ್ಟರು. ಹಿಂಜರಿಯದೆ, ಎರಡೂ ಕೈಯಿಂದ, ಹಸುಗೂಸನ್ನು ಕೊಡುವಂತೆ.

ಮೇಲಿನ ಬಾಯಿ

"ಏಳು, ಪೂಜಿ ಮಾಡು, ನೀರು ಕುಡಿ" ಎಂದಳು ನಾಗಮ್ಮ. ಗುಳಿಗೆ ಅವಳ ಕೈಯಲ್ಲೇ ಇತ್ತು.

ನನ್ನ ಕಣ್ಣು ಮಾತ್ರ ನಿಂಬೆಯ ಸಸಿಗಳ ಮೇಲಿತ್ತು. ಬೆಳಗಿಗಿಂತ ತಲೆ ಬಾಗಿದ್ದವು. ಅವರ ಕೂಸುಗಳ ನೀರು ನೆರೆಯವನ ತೋಟದಲ್ಲಿ ಹರಿದು ಇಂಗಿಹೋಗಿತ್ತು. ಈ ಮಡಿಗಳು ಒಣಗಿ ಬಿದ್ದಿರುವಾಗ ನಾನು ಕುಳಿತು ಯಾವ ಬಾಯಿಂದ ನೀರು ಕುಡಿಯಲಿ? ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದ್ದು, ಮುಂದಿರುವ ಕೆಲಸ ಮುಗಿಸಿ ಪೂಜೆಗೆ ಕೂಡಬೇಕೆಂದು. ಲಿಂಗವನ್ನು ತೊಳೆದು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಹಮದನ ಹತ್ತಿರ ಹೋದೆ.

"ಮ್ಯಾಲಿನ ಬಾಯಾಗ ಕುಡಿಯೋ ನೀರಿಗೆ ಪಾಳಿ ಅದ ಏನು?"

ಸಾಲಿಮರು ಕೇಳಿ ಹೇಳಿದರು. "ಇಲ್ಲ. ಕೊಡ ತಂದವರು ತುಂಬ್ಕೊಂಡು ಹೋಗಬಹುದು. ಜೀವ ಇದ್ದವರಿಗೆಲ್ಲ ಹಕ್ಕದ."

"ಆ ಸಸಿಗಳಿಗೆ ಜೀವ ಅದ ಏನು ಇಲ್ಲೇನು? ಕೇಳ್ರಿ."

ಹಮದ್ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. ನಿಯಮ ಬಲ್ಲವನು ನಿಯಮ ಬಲ್ಲವಳನ್ನು ನೋಡುವ ನೋಟ ಅದು. ಏನೋ ಹೇಳಿದ. "ಕಾಲುವೆ ತಿರುಗಿಸಂಗಿಲ್ಲಂತ. ಅತಿಥಿ ಕೈಯಾಗ ಹೊತ್ತಷ್ಟು ಹೊರಬಹುದಂತ" ಎಂದು ಸಾಲಿಮರು ಹೇಳಿ, ತಾವೇ ಸೇರಿಸಿದರು, "ಬ್ಯಾಡಮ್ಮ. ಮೆಟ್ಟಲಾ ಬಾಳ ಅದಾವ. ಹೋದ್ರ ಹೋಗ್ಲಿ, ನಿಂಬಿ ಮತ್ತ ಹಚ್ಚಬಹುದು."

"ನಾಗಮ್ಮ, ಕೊಡ ತಗೋ" ಎಂದೆ. "ಖಮರ್, ನೀ ಮೋಜಾ ಬಾಯಾರ ಕಡಿಂದ ಬಕೀಟು ಇಸ್ಕೋ."

"ನಿನಗ ಹುಚ್ಚು ಹಿಡದದೇನಬೇ!" ನಾಗಮ್ಮನ ದನಿ ಮೇಲಿನ ಮನೆಗಳಿಗೆ ಕೇಳಿಸಿರಬೇಕು. "ಬೆಳಿಗ್ಗಿಂದ ಹನಿ ನೀರಿಲ್ಲ, ಗುಳಿಗಿಲ್ಲ. ನೀ ಇದೇ ಮೆಟ್ಟಲದಾಗ ಉಳ್ಳಿ ಬಿದ್ರ ನಿನ್ನ ಲಿಂಗಪ್ಪ ಬಂದು ಎತ್ತತಾನೇನು?"

"ನೀ ಎತ್ತತಿ. ಅದ್ಕೇ ಕರ್ಕೊಂಡು ಬಂದೀನಿ. ನಡಿ."

ಬೈಯುತ್ತಲೇ ಕೊಡ ಎತ್ತಿಕೊಂಡಳು. ಅತನೂರಿನ ಹೆಂಗಸು, ಕೊಡ ಸೊಂಟಕ್ಕೆ ಬಂದ ಮೇಲೆ ಬೈಗುಳ ನಿಂತಿತು. ಹಾಸ್ಟೆಲಿನಲ್ಲಿ ನಳ ಕೆಟ್ಟಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೊಡ ದಾಟಿಸುತ್ತಿದ್ದೆವಲ್ಲ, ಹಾಗೆಯೇ ನಿಲ್ಲಿಸಿದೆ. ಮೇಲೆ ಖಮರ್ ತುಂಬುವುದು, ನಡುವೆ ನಾಗಮ್ಮ ಇಳಿಸುವುದು, ಕೆಳಗೆ ನಾನು ಸಸಿಯ ಬುಡಕ್ಕೆ ಹಾಕುವುದು. ನನಗೆ ಮೆಟ್ಟಿಲು ಹತ್ತುವ ಕೆಲಸ ಬಾರದಂತೆ ನಾಗಮ್ಮನೇ ಈ ಸಾಲು ಬದಲಿಸಿದ್ದು, ಅದನ್ನೂ ಹೇಳಬೇಕು. ಸಾಲಿಮರು ಸುಮ್ಮನೆ ನಿಲ್ಲಲಾರದೆ ನಡುವಿನ ಮೆಟ್ಟಿಲಿಗೆ ಬಂದು ನಿಂತರು. ಮೋಜಾ ಬಂದರು. ಹಮದ್ ಹೋದನೆಂದುಕೊಂಡೆವು, ಮನೆಯಿಂದ ಎರಡು ಬಕೀಟು ಹಿಡಿದು ಬಂದ.

"ಅತಿಥಿ ಕೈಯಾಗ ಹೊತ್ತಷ್ಟು ಅಂದಿದ್ನಲ್ಲ ಇಂವ?" ನಾಗಮ್ಮ ಕೇಳಿದಳು.

"ಕೈಯಿ ಅಂದಾನ, ಯಾರ ಕೈಯಿ ಅಂದಿಲ್ಲ" ಎಂದರು ಸಾಲಿಮರು.

ಒಂದೊಂದೇ ಸಸಿಯ ಬುಡದಲ್ಲಿ ಮಣ್ಣು ಕಪ್ಪಾಗುತ್ತ ಬಂತು. ತಲೆ ಸುತ್ತಿದಾಗ ಬಂಡೆಗೆ ಒರಗಿದೆ, ಮತ್ತೆ ಎದ್ದೆ. ಕೊನೆಯ ಸಸಿಗೆ ನೀರು ಹಾಕಿದಾಗ ಬಿಸಿಲು ಎದುರಿನ ಬೆಟ್ಟದ ನೆತ್ತಿಗೆ ಹೋಗಿತ್ತು.

ಸಂಜೆ

ಕೈಕಾಲು ತೊಳೆದು, ಈ ಸಲ ಮನೆಯ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕುಳಿತೆ. ಕೆಳಗೆ ದೊಡ್ಡ ತಟ್ಟೆ ಇಟ್ಟುಕೊಂಡೆ, ಬುದ್ಧಿ ಬಂದಿತ್ತು. ಮೋಜಾ ಲಿಂಗ ಕಟ್ಟಿಕೊಳ್ಳಲು ಹೊಸ ಹತ್ತಿಯ ದಾರ ಕೊಟ್ಟಿದ್ದರು. ವಿಭೂತಿ ಹಚ್ಚಿ, ನೀರೆರೆದು, ಅಂಗೈಯನ್ನೇ ನೋಡುತ್ತ ಕುಳಿತೆ. ಪಡಸಾಲೆಯ ಆ ತುದಿಯಲ್ಲಿ ಸಾಲಿಮರು ಗೋಡೆಗೆ ಒರಗಿ ಕುಳಿತಿದ್ದರು. ಅವರ ಮುಂದೆ ಖರ್ಜೂರದ ತಟ್ಟೆ, ನೀರಿನ ಹೂಜಿ. ಅವರು ತಟ್ಟೆಗೆ ಕೈ ಹಾಕುತ್ತಿರಲಿಲ್ಲ.

ನನ್ನ ಪೂಜೆ ಮುಗಿಯುವುದಕ್ಕೂ ಕೆಳಗಿನ ಮಸೀದಿಯಿಂದ ಸಂಜೆಯ ನಮಾಜಿನ ಬಾಂಗ್ ಕೇಳಿಸುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಬಾಂಗ್ ಕೇಳಿದ ಕೂಡಲೇ ಸಾಲಿಮರು ಒಂದು ಖರ್ಜೂರ ಬಾಯಿಗಿಟ್ಟುಕೊಂಡರು. ಖಮರ್ ಸರಕ್ಕನೆ ಅವರ ಕಡೆ ತಿರುಗಿದಳು.

"ಭಾಯಿ, ನೀವು ರೋಜಾ ಇದ್ರೇನು?"

"ಸೋಮವಾರ ಅಲ್ಲೇನಮ್ಮ" ಎಂದರು, ದೊಡ್ಡ ಮಾತೇನಲ್ಲ ಎಂಬಂತೆ. "ಪ್ರತಿ ಸೋಮವಾರ ಇರ್ತೇನಿ."

ಬೆಳಗ್ಗೆ ನೀರು ತಿರುಗಿಸಿದವರು, ಮಧ್ಯಾಹ್ನ ಕೆಸರು ಬಗೆದವರು, ಮೆಟ್ಟಿಲಿನಲ್ಲಿ ನಿಂತು ಕೊಡ ದಾಟಿಸಿದವರು, ನನ್ನ ಹಾಗೆಯೇ ಹನಿ ನೀರಿಲ್ಲದೆ ಇದ್ದರು. ನಾನು ಊರಿಗೆಲ್ಲ ಕೇಳುವಂತೆ ಹೇಳಿದ್ದೆ. ಅವರು ಹೇಳಿರಲಿಲ್ಲ.

"ನಮ್ಮಲ್ಲೂ ಸೋಮವಾರನೇ ಒಪ್ಪತ್ತು ಇರ್ತಾರ್ರಿ" ಎಂದು ನಾಗಮ್ಮ ಮೆಲ್ಲಗೆ ಹೇಳಿದಳು.

ಮೋಜಾ ಹೂಜಿ ಎತ್ತಿದರು. ಕಾಫಿಯ ಅದೇ ಪುಟ್ಟ ಬಟ್ಟಲುಗಳು. ಒಂದಕ್ಕೆ ನೀರು ಸುರಿದು ಗಂಡನಿಗೆ ಕೊಟ್ಟರು, ಇನ್ನೊಂದಕ್ಕೆ ಸುರಿದು ನನಗೆ. ಸಾಲಿಮರು ಕುಡಿಯದೆ ನನ್ನತ್ತ ನೋಡಿದರು. ನಾನು ಅವರತ್ತ ನೋಡಿದೆ. ಇಬ್ಬರೂ ಒಟ್ಟಿಗೆ ಎತ್ತಿದೆವು. ಆ ನೀರು ಗಂಟಲಿನಿಂದ ಇಳಿದ ದಾರಿ ನನಗೆ ಇನ್ನೂ ನೆನಪಿದೆ.

ಬಟ್ಟಲು ಖಾಲಿಯಾಯಿತು. ಮೋಜಾ ಹೂಜಿ ಹಿಡಿದು ಕಾದು ನಿಂತರು. ಆ ನಾಡಿನ ರೀತಿ ಈಗ ನನಗೆ ಗೊತ್ತಿತ್ತು. ನಾನು ಬಟ್ಟಲನ್ನು ಅಲುಗಿಸಲಿಲ್ಲ.